ಸುಣ್ಣ ಹೊಡೆಯುವ ಪಂಪು

ಯುಗಾದಿಗೆ ಐದು ದಿನ ಇದೆ ಅನ್ನುವಾಗ ಅಂಜಿನಯ್ಯ ಗುಜರಿಯಿಂದ ಒಂದು ಹಿತ್ತಾಳೆ ಪಂಪು ಹೊತ್ತು ತಂದ. ಅದನ್ನು ಬಕೆಟ್ಟಿನಲ್ಲಿ ನಿಲ್ಲಿಸಿ ಹಿಡಿ ಒತ್ತಿದರೆ, ರಬ್ಬರ್ ಕೊಳವೆಯ ತುದಿಯಿಂದ ಸುಣ್ಣ ತುಂತುರಾಗಿ ಗೋಡೆಗೆ ಬೀಳುತ್ತಿತ್ತು. ಅವನು ದುಡಿಯುತ್ತಿದ್ದ ರಾಜಾಜಿನಗರದ ಕಾರ್ಖಾನೆಯಲ್ಲಿ ಇಂಥದೇ ಪಂಪಿನಿಂದ ಇಬ್ಬರು ಆಳುಗಳು ಉದ್ದನೆಯ ಕಾಂಪೌಂಡನ್ನು ಒಂದೇ ಬೆಳಿಗ್ಗೆ ಬಿಳಿ ಮಾಡಿಬಿಟ್ಟಿದ್ದರು. ಅದನ್ನು ಕಂಡಂದಿನಿಂದ ಅವನಿಗೆ ಪಂಪಿನದೇ ಜಪ.

ಕುರುಬರಹಳ್ಳಿಯ ಅಂಚಿನಲ್ಲಿ ಹೊಸದಾಗಿ ಕಟ್ಟಿದ್ದ ಅವನ ಮನೆ ಇನ್ನೂ ಬೂದು ಗಾರೆಯಲ್ಲೇ ನಿಂತಿತ್ತು. ಹೆಂಡತಿ ಇಂದ್ರಮ್ಮನ ಅಣ್ಣ ತಿಮ್ಮಯ್ಯ ಹಬ್ಬಕ್ಕೆ ಬ್ಯಾಡರಹಳ್ಳಿಯಿಂದ ಬರುವವನಿದ್ದ. ಪಾಯ ತೋಡಿದ ದಿನವೇ ಈ ಮನೆಯನ್ನು ಬೆಂಕಿಪೆಟ್ಟಿಗೆ ಎಂದು ಆಡಿಕೊಂಡ ಮನುಷ್ಯ ಅವನು. ಅವನ ಬಾಯಿ ಮುಚ್ಚಿಸದೆ ಅಂಜಿನಯ್ಯನಿಗೆ ಉಂಡ ಅನ್ನ ಮೈಗೆ ಹತ್ತುವಂತಿರಲಿಲ್ಲ.

ಬೀದಿಯ ಮನೆಗಳಿಗೆಲ್ಲ ಸುಣ್ಣ ಬಳಿಯುವ ಜಂಬಣ್ಣ ಪಂಪು ನೋಡಿ ನಗಲಿಲ್ಲ. "ಸುಣ್ಣದ ಕಲ್ಲು ಮೂರು ದಿನ ನೀರಲ್ಲಿ ಅರಳ್ಲಿ ಅಂಜಿನಯ್ಯ. ಆಮೇಲೆ ಬಟ್ಟೇಲಿ ಎರಡು ಸಲ ಸೋಸಿ. ಇಲ್ದಿದ್ರೆ ಹರಳು ಸಿಕ್ಕೊಳ್ಳುತ್ತೆ."

"ನೀನು ಕುಂಚದೋನು ಕಣಯ್ಯ, ನಿನಗೆ ಮಿಷಿನ್ ವಿಷಯ ಏನ್ ಗೊತ್ತು?" ಎಂದ ಅಂಜಿನಯ್ಯ.

ಆತುರಗಾರನಿಗೆ ಬುದ್ಧಿ ಮಟ್ಟ. ಅವನಿಗೆ ರಜಾ ಇದ್ದದ್ದು ಭಾನುವಾರ ಒಂದೇ ದಿನ. ಬೆಳಿಗ್ಗೆ ಪೀಪಾಯಿಗೆ ಸುಣ್ಣದ ಕಲ್ಲು ಹಾಕಿ ನೀರು ಸುರಿದ. ಅದು ಕೊತಕೊತ ಕುದಿಯಿತು. ಕುದಿ ನಿಂತದ್ದೇ ತಡ, ಹಬೆ ಆರುವ ಮೊದಲೇ ಗೋಣಿಯಲ್ಲಿ ಸೋಸಿದಂತೆ ಮಾಡಿ ಬಕೆಟ್ಟಿಗೆ ಬಗ್ಗಿಸಿದ. ಇಂದ್ರಮ್ಮ ಕೊಳವೆ ಹಿಡಿದಳು, ಅವನು ಪಂಪು ಒತ್ತಿದ. ಕಾಲು ಗೋಡೆ ಬೆಳ್ಳಗಾಯಿತು. ಅವಳೂ ಸೆರಗು ಬಿಗಿದು ನಗುತ್ತಾ ನಿಂತಿದ್ದಳು. ಅಷ್ಟರಲ್ಲಿ ತುಂತುರು ನಿಂತುಹೋಯಿತು.

"ತುದೀಲಿ ಏನ್ ಸಿಕ್ಕೊಂಡಿದೆ ನೋಡೇ" ಎಂದ.

ಅವಳು ಕೊಳವೆಯ ತುದಿಯನ್ನು ಮುಖದ ಹತ್ತಿರ ತಂದು ನೋಡಿದಳು. ಅವನ ಕೈ ನಿಲ್ಲಲಿಲ್ಲ. ಇನ್ನೊಂದು ಸಲ ಬಲವಾಗಿ ಒತ್ತಿದರೆ ಬಿಟ್ಟುಕೊಳ್ಳುತ್ತದೆ ಎಂದುಕೊಂಡು ಒತ್ತಿದ. ಬಿಟ್ಟುಕೊಂಡಿತು.

ಅವಳು ಕೊಳವೆ ಎಸೆದು, ಮುಖ ಮುಚ್ಚಿಕೊಂಡು, ಬಚ್ಚಲ ಹಂಡೆಯ ಕಡೆಗೆ ಓಡಿದಳು. "ನೀರು, ನೀರು" ಅನ್ನುತ್ತಿದ್ದಳು. ಅಂಜಿನಯ್ಯ ಹಿಂದೆಯೇ ಓಡಿ ಅವಳ ಎರಡೂ ಕೈ ಹಿಡಿದುಕೊಂಡ.

"ಸುಣ್ಣಕ್ಕೆ ನೀರು ಬಿದ್ರೆ ಕುದಿಯುತ್ತೆ ಕಣೇ. ಬೆಳಿಗ್ಗೆ ನೋಡ್ಲಿಲ್ವಾ? ಕಣ್ಣೇ ಬೆಂದುಹೋಗುತ್ತೆ."

ಅವಳು ಕೊಸರಾಡಿದಳು. ಅವನು ಬಿಡಲಿಲ್ಲ. ಹಂಡೆ ಒಂದು ಮಾರು ದೂರದಲ್ಲಿತ್ತು, ಕಂಠದ ತನಕ ತುಂಬಿತ್ತು. ಅವನು ಅವಳ ಕಣ್ಣಿಗೆ ಹರಳೆಣ್ಣೆ ಬಿಟ್ಟು ಬಟ್ಟೆ ಕಟ್ಟಿ ಮಲಗಿಸಿದ. ಸಮಯಕ್ಕೆ ಸರಿಯಾಗಿ ಬುದ್ಧಿ ಓಡಿತಲ್ಲ ಎಂದು ಒಳಗೊಳಗೇ ಸಮಾಧಾನಪಟ್ಟುಕೊಂಡ.

ಮರುದಿನ ಜಟಕಾದಲ್ಲಿ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಅವಳ ಎರಡೂ ಕಣ್ಣಿಗೆ ಪಟ್ಟಿ ಹಾಕಿ ಬೆಂಚಿನ ಮೇಲೆ ಕೂರಿಸಿದರು. ಅವನನ್ನು ಬಾಗಿಲ ಬಳಿಗೆ ಕರೆದು ಕೇಳಿದರು, "ತಕ್ಷಣ ನೀರಲ್ಲಿ ತೊಳೀಲಿಲ್ವಾ?"

"ಸುಣ್ಣ ಅಲ್ವಾ ಸಾರ್, ಕುದಿಯುತ್ತೆ ಅಂತ..."

"ಕುದಿಯೋದೆಲ್ಲ ಪೀಪಾಯೀಲೇ ಮುಗಿದಿತ್ತಲ್ಲಪ್ಪ. ಆಗಲೇ ಎರಡು ಕೊಡ ನೀರು ಸುರಿದಿದ್ರೆ ಬಲಗಣ್ಣು ಉಳೀತಿತ್ತು." ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೂರನೆಯ ದಿನ ಪಟ್ಟಿ ಬಿಚ್ಚಿದಾಗ ಎಡಗಣ್ಣು ಕೆಂಪಾಗಿದ್ದರೂ ಕಾಣುತ್ತಿತ್ತು. ಬಲಗಣ್ಣು ಬೇಯಿಸಿದ ಮೊಟ್ಟೆಯ ಹಾಗೆ ಬೆಳ್ಳಗಾಗಿತ್ತು.

ಹಬ್ಬದ ದಿನ ತಿಮ್ಮಯ್ಯ ಬಂದ. ಗೋಡೆಯ ಮಾತೇ ಎತ್ತಲಿಲ್ಲ. ತಂಗಿಯ ಮುಖ ನೋಡಿ ಜಗುಲಿಯ ಮೇಲೆ ಕುಸಿದು ಕೂತ. "ಏನ್ ಮಾಡಿದ್ರಿ ಭಾವ?" ಎಂದು ಕೇಳಿದ.

ನಿಜ ನಾಲಗೆಯ ತುದಿಗೆ ಬಂದಿತ್ತು. "ಕಣ್ಣಿಗೆ ಸುಣ್ಣ ಸಿಡೀತು, ಆದ್ರೆ ಒಂದು ಹನಿ ನೀರು ಮುಟ್ಟಿಸ್ಲಿಲ್ಲ ಭಾವ" ಎಂದ ಅಂಜಿನಯ್ಯ. "ಡಾಕ್ಟ್ರೂ ಅದನ್ನೇ ಅಂದ್ರು. ನೀರು ಬಿದ್ದಿದ್ರೆ ಎರಡೂ ಕಣ್ಣು ಹೋಗ್ತಿತ್ತಂತೆ."

"ಸದ್ಯ, ನಿಮಗಾದ್ರೂ ಹೊಳೀತಲ್ಲ" ಎಂದು ತಿಮ್ಮಯ್ಯ ಅವನ ಕೈ ಹಿಡಿದುಕೊಂಡ. ಇಂದ್ರಮ್ಮ ಇಬ್ಬರಿಗೂ ಒಬ್ಬಟ್ಟು ಬಡಿಸಿದಳು. ಒಂದು ಒಬ್ಬಟ್ಟು ಎಲೆಯ ಆಚೆ ಬಿತ್ತು. ತಿಮ್ಮಯ್ಯ ಅದನ್ನು ಎತ್ತಿಕೊಂಡು ತಿಂದ.

ಅಣ್ಣನನ್ನು ಬೀಳ್ಕೊಟ್ಟು ಬಂದ ಇಂದ್ರಮ್ಮ ಎಂಜಲೆಲೆ ತೆಗೆದು, ನೆಲ ಸಾರಿಸಿದಳು. ಅಂಜಿನಯ್ಯ ಅವಳ ಬೆನ್ನನ್ನೇ ನೋಡುತ್ತಾ ಕೂತಿದ್ದ.

"ಆಸ್ಪತ್ರೇಲಿ ಕಣ್ಣಿಗೆ ಪಟ್ಟಿ ಕಟ್ಟಿದ್ರು" ಎಂದಳು ಅವಳು, ತಿರುಗದೆ. "ಕಿವಿಗೆ ಕಟ್ಟಿರ್ಲಿಲ್ಲ."

ಅವಳ ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ಅಣ್ಣನ ಹತ್ರ ಹೇಳಿದ್ದು ಹಾಗೇ ಇರ್ಲಿ, ನಾನು ಬಾಯಿ ಬಿಡಲ್ಲ. ಆದ್ರೆ ಇನ್ಮೇಲೆ ನಾನು ನೀರು ಕೇಳಿದ್ರೆ, ನೀರು ಕೊಡಿ."