ಶುಕ್ರವಾರದ ರಸೀದಿ

"ಐವತ್ತು ತಗೊಂಡು ಎಪ್ಪತ್ತೈದಕ್ಕೆ ಸಹಿ ಹಾಕಕ್ಕಾಗಲ್ಲ," ಎಂದು ವನಮಾಲಾ ಟೀಚರ್ ಪಗಾರದ ಪುಸ್ತಕವನ್ನು ನೀಲಕಂಠಪ್ಪನವರ ಕಡೆಗೇ ಸರಿಸಿದರು.

ಸಾಂತಾಕ್ರೂಜ್ ಸ್ಟೇಶನ್ನಿನ ಎದುರಿನ ತಮ್ಮ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕುಳಿತು ನೀಲಕಂಠಪ್ಪನವರು ಸೀರೆಗೆ ಚೌಕಾಶಿ ಮಾಡುವ ಎಂತೆಂಥವರನ್ನೋ ಕಂಡಿದ್ದರು. ಇದು ಆ ಪೈಕಿಯದಲ್ಲ. ಚಾಳಿನ ಒಂದೇ ಖೋಲಿಯಲ್ಲಿ ನಡೆಯುವ ಕನ್ನಡ ಶಾಲೆಗೆ ಅವರು ಅಧ್ಯಕ್ಷರು. ಕಲಿಸುವವರು ವನಮಾಲಾ ಒಬ್ಬರೇ. ಈ ವರ್ಷ ನಾಲ್ಕನೇ ಇಯತ್ತೆ ತೆರೆಯುತ್ತೇವೆಂದು ಹನ್ನೊಂದು ಮನೆಗಳಿಗೆ ನೀಲಕಂಠಪ್ಪನವರು ಮಾತು ಕೊಟ್ಟುಬಿಟ್ಟಿದ್ದರು. ಅದಕ್ಕೆ ಪಕ್ಕದ ಖೋಲಿ ಬೇಕು. ತಿಂಗಳಿಗೆ ಇಪ್ಪತ್ತೈದು ರೂಪಾಯಿ ಬಾಡಿಗೆ. ಶನಿವಾರ ಮಧ್ಯಾಹ್ನದೊಳಗೆ ಮೊದಲ ಬಾಡಿಗೆ ಬರದಿದ್ದರೆ ಮಾಲಕ ಅದನ್ನು ಒಬ್ಬ ಮಸಾಲೆ ವ್ಯಾಪಾರಿಗೆ ಕೊಡುವವನಿದ್ದ.

ಸರಕಾರದ ಅನುದಾನ ಹೆಚ್ಚಾಗಿ ಟೀಚರ ಪಗಾರ ಐವತ್ತರಿಂದ ಎಪ್ಪತ್ತೈದಕ್ಕೆ ಏರಿತ್ತು. ಆದರೆ ಅನುದಾನ ಪಗಾರಕ್ಕೆ ಮಾತ್ರ, ಬಾಡಿಗೆಗಲ್ಲ. ಹಾಗಾಗಿ ಕಾರ್ಯದರ್ಶಿ ಚನ್ನಬಸಯ್ಯ ಒಂದು ಉಪಾಯ ತೆಗೆದಿದ್ದರು: ಸಹಿ ಎಪ್ಪತ್ತೈದಕ್ಕೆ, ಕೈಗೆ ಐವತ್ತು.

"ಎಷ್ಟೋ ಸಾಲ್ಯಾಗ ಹಿಂಗ ನಡೀತದ್ರಿ ಅಕ್ಕೋರ," ಎಂದರು ಚನ್ನಬಸಯ್ಯ. "ನಾವೇನ ಮನೀಗೆ ಒಯ್ತೀವೇನು?"

"ನಿಮ್ಮನ್ನ ನಾನು ಕಳ್ಳರು ಅಂದ್ನಾ? ಪೂರಾ ಎಪ್ಪತ್ತೈದು ನನ್ನ ಕೈಗೆ ಕೊಡಿ. ಮೊದಲು ಮನೇಲಿ ದೇವರ ಮುಂದೆ ಇಟ್ಟು, ಶನಿವಾರ ಬಾಡಿಗೆ ಕಟ್ಟೋದರೊಳಗೆ ಇಪ್ಪತ್ತೈದು ನಾನೇ ತಂದ್ಕೊಡ್ತೀನಿ. ವಂತಿಗೆ ಅಂತ ರಸೀದಿ ಕೊಡಿ. ಈ ಒಂದು ವರ್ಷ ಮಾತ್ರ. ಮುಂದಿನ ವರ್ಷ ಬಾಡಿಗೆಗೆ ಶಾಲೆ ಸಮಿತಿನೇ ಹೊಣೆ."

ನೀಲಕಂಠಪ್ಪನವರು ಶಾಲೆಯ ಹಣದ ಚೀಲ ಬಿಚ್ಚಿದರು. "ಆತ್ರಿ. ನಿಮ್ಮ ಮಾತಿನ ಮ್ಯಾಲೆ," ಎಂದು ಎಪ್ಪತ್ತೈದನ್ನೂ ಎಣಿಸಿ ಕೊಟ್ಟರು. ವನಮಾಲಾ ಸಹಿ ಮಾಡಿ ಹೋದರು. ಅಂದು ಗುರುವಾರ.

ಅವರು ಹೋದದ್ದೇ ತಡ, ಚನ್ನಬಸಯ್ಯ ಹಣೆ ಬಡಿದುಕೊಂಡರು. "ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಅಂತಾರ ಸಾವ್ಕಾರ್ರ. ಆಕಿ ಗಂಡ ಹಿರಿಯಣ್ಣ ಕೆಲಸಕ್ಕಿದ್ದ ಪ್ರೆಸ್ಸು ಮುಚ್ಚಿ ಐದು ತಿಂಗಳಾತು. ಮನ್ಯಾಗ ಕುಂತಾನ. ಆ ರೊಕ್ಕ ತಿರುಗಿ ಬರ್ತದೇನ್ರಿ?"

ಶುಕ್ರವಾರ ವನಮಾಲಾ ಎಂದಿನಂತೆ ಶಾಲೆಗೆ ಬಂದರು. ಹೋಗುವಾಗ ಬರುವಾಗ ಅಂಗಡಿಯ ಮುಂದೆಯೇ ಹಾದರು, ನಮಸ್ಕಾರವನ್ನೂ ಮಾಡಿದರು. ಹಣದ ಸುದ್ದಿಯಿಲ್ಲ. ಸಂಜೆ ಲೋಕಲ್ ರೈಲು ಇಳಿದು ಬಂದ ಚನ್ನಬಸಯ್ಯ, "ಬಂತೇನ್ರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ನಕ್ಕು ಹೋದರು.

ನೀಲಕಂಠಪ್ಪನವರಿಗೆ ಸಂಕಟವಾಯಿತು. ಪಾಪ, ಮನೆಯಲ್ಲಿ ಏನು ತಾಪತ್ರಯವೋ. ನಾಳೆ ಸಮಿತಿಯವರೆದುರು ಆ ಹೆಣ್ಣುಮಗಳು ತಲೆ ತಗ್ಗಿಸಬಾರದು. ತಾವೇ ಹಾಕಿಬಿಟ್ಟರೆ? ರಸೀದಿ ಪುಸ್ತಕ ತೆಗೆದು, ಶ್ರೀಮತಿ ವನಮಾಲಾ ಅವರಿಂದ ಇಪ್ಪತ್ತೈದು ರೂಪಾಯಿ ವಂತಿಗೆ ಬಂತೆಂದು ಬರೆದರು. ಬರೆದು ಮುಗಿಸಿದಾಗ ತಮ್ಮ ಬಗ್ಗೆ ತಮಗೇ ಒಂದು ಬಗೆಯ ಮೆಚ್ಚಿಗೆ ಹುಟ್ಟಿತು. ಹಣವನ್ನು ಮಾತ್ರ ತೆಗೆಯಲಿಲ್ಲ. ಶುಕ್ರವಾರ ಗಲ್ಲಾದಿಂದ ಲಕ್ಷ್ಮಿಯನ್ನು ಹೊರಗೆ ಕಳಿಸುವ ರೂಢಿ ಅವರ ಮನೆತನದಲ್ಲೇ ಇರಲಿಲ್ಲ. ಬೆಳಿಗ್ಗೆ ಕೊಟ್ಟರಾಯಿತು ಎಂದುಕೊಂಡರು.

ಶನಿವಾರ ಅಂಗಡಿಯ ಬಾಗಿಲು ತೆರೆಯುವಷ್ಟರಲ್ಲಿ ವನಮಾಲಾ ಮೆಟ್ಟಿಲ ಮೇಲೆ ನಿಂತಿದ್ದರು. ಎರಡು ಹತ್ತರ ನೋಟು, ಒಂದು ಐದರದು ಗಾದಿಯ ಮೇಲಿಟ್ಟರು.

"ನಿನ್ನೆನೇ ತರ್ತಿದ್ದೆ. ಶುಕ್ರವಾರ ಅಲ್ವಾ, ದುಡ್ಡು ಹೊಸಲು ದಾಟಿಸಕ್ಕೆ ನಮ್ಮತ್ತೆ ಬಿಡ್ಲಿಲ್ಲ. ನೀವು ಗಲ್ಲಾ ಇಟ್ಕೊಂಡೋರು, ನಿಮಗೆ ಗೊತ್ತಿರುತ್ತಲ್ಲ ಅಂತ ನಾನೂ ಹೇಳಕ್ಕೆ ಹೋಗ್ಲಿಲ್ಲ."

ನೀಲಕಂಠಪ್ಪನವರ ಕೈ ಗಾದಿಯ ಮೇಲೆ ನಿನ್ನೆಯಿಂದ ತೆರೆದೇ ಇದ್ದ ರಸೀದಿ ಪುಸ್ತಕವನ್ನು ಮುಚ್ಚಲು ಹೋಯಿತು. ತಡವಾಗಿತ್ತು. ವನಮಾಲಾ ಓದಿಯಾಗಿತ್ತು.

"ಇದು ನಿನ್ನೆ ತಾರೀಖು. ಯಾರ ದುಡ್ಡಿದು?"

"ನಂದ ಹಾಕಬೇಕಂತ ಮಾಡಿದ್ದೆ ಅಕ್ಕೋರ."

"ನಾನು ತರಲ್ಲ ಅಂತ."

ಹೌದೆನ್ನದೆ ಹೇಳಬಹುದಾದ ನೂರು ಮಾತುಗಳಿದ್ದವು. ವ್ಯಾಪಾರಿಯ ನಾಲಿಗೆಗೆ ಅದೇನು ಬರಗಾಲವೇ? ಆದರೂ ಅವರು, "ಹೌದ್ರಿ. ತಪ್ಪಾತು," ಎಂದರು. ಇಷ್ಟು ನಾಚಿಕೆ ಈ ವಯಸ್ಸಿನಲ್ಲಿ ಬೇಕಿತ್ತೇ ಅನ್ನಿಸಿತು.

"ರದ್ದು ಮಾಡಿ. ಬೇರೆ ಬರೀರಿ," ಎಂದರು ವನಮಾಲಾ. ಕೋಪವೇನೂ ಕಾಣಲಿಲ್ಲ. ಪುಸ್ತಕವನ್ನು ಅವರ ಕಡೆಗೇ ಸರಿಸಿದರು.

ರದ್ದಾದ ರಸೀದಿಯ ಕೆಳಗೆ ಕಾರಣ ಬರೆದು ಅಧ್ಯಕ್ಷರು ಸಹಿ ಮಾಡಬೇಕೆಂಬುದು ಚನ್ನಬಸಯ್ಯನವರೇ ಮಾಡಿದ ನಿಯಮ. ತಿಂಗಳ ಕೊನೆಗೆ ಪುಸ್ತಕ ಸಮಿತಿಯವರೆಲ್ಲರ ಕೈಗೂ ಹೋಗುತ್ತಿತ್ತು. 'ತಾರೀಖು ತಪ್ಪು' ಎಂದು ಬರೆದರೆ ಯಾರೂ ಏನೂ ಕೇಳುವವರಿರಲಿಲ್ಲ. ನೀಲಕಂಠಪ್ಪನವರು 'ತಾ' ಎಂದು ಬರೆದು ನಿಲ್ಲಿಸಿದರು. ಅದನ್ನು ಹೊಡೆದು ಹಾಕಿ, 'ಟೀಚರನ್ನು ನಂಬದೆ ಅಧ್ಯಕ್ಷರು ಬರೆದದ್ದು' ಎಂದು ದುಂಡಗೆ ಬರೆದು ಸಹಿ ಹಾಕಿದರು. ಮುಂದಿನ ಹಾಳೆಯಲ್ಲಿ ಹೊಸ ರಸೀದಿ ಬರೆದುಕೊಟ್ಟರು.

ವನಮಾಲಾ ಎರಡನ್ನೂ ಓದಿದರು. "ಪಕ್ಕದ ಖೋಲಿ ಬೀಗದ ಕೈ ಸಿಕ್ಕಿದ ಕೂಡಲೇ ಕಳಿಸಿಕೊಡಿ. ಮಕ್ಕಳು ಬರೋ ಹೊತ್ತಾಯ್ತು," ಎಂದು ಮೆಟ್ಟಿಲಿಳಿದರು.

ನೀಲಕಂಠಪ್ಪನವರು ಆ ಮೂರು ನೋಟುಗಳನ್ನು ಗಲ್ಲಾಕ್ಕೆ ಹಾಕಲಿಲ್ಲ, ಕಿಸೆಗೂ ಇಳಿಸಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡು, ಅಂಗಡಿಯನ್ನು ಹಾಗೇ ತೆರೆದುಬಿಟ್ಟು, ತಾವೇ ಮಾಲಕನ ಮನೆಯ ಕಡೆಗೆ ನಡೆದರು.