ಮಾಲೀಕರ ಕೆಮ್ಮು

ಕರಿಬಸವರಾಜಪ್ಪನವರು ಲಿಂಗೈಕ್ಯರಾಗಿ ಇಪ್ಪತ್ತೆಂಟು ದಿನವಾಗಿತ್ತು. ಶಿವಗಣಾರಾಧನೆಯ ದಿನ ನಾಟಕ ಕಂಪನಿಯ ನಟರೆಲ್ಲ ದಾವಣಗೆರೆಯ ವಿನೋಬನಗರದ ಮನೆಗೆ ಬಂದು ಎಷ್ಟು ಚೆನ್ನಾಗಿ ಅತ್ತರೆಂದರೆ, ಹೆಂಡತಿ ಬಸವಣ್ಣೆಮ್ಮನಿಗೆ ತನ್ನ ಅಳುವೇ ಸಪ್ಪೆಯೆನಿಸಿತು. ಖಳನಾಯಕನಂತೂ ಎರಡು ಸಲ ಅತ್ತು, ಮೂರನೆಯ ಸಲ ಹೋಳಿಗೆ ಕೇಳಿದ.

ಗಂಡ ನಲವತ್ತೊಂದು ವರ್ಷ ನಡೆಸಿದ ಕಂಪನಿ ಈಗ ಅವಳ ಕೊರಳಿಗೆ ಬಿದ್ದಿತ್ತು. ಹರಿಹರದಲ್ಲಿ ಕ್ಯಾಂಪು; ಅವರು ಆಸ್ಪತ್ರೆ ಸೇರಿದಾಗಿನಿಂದ ಆಟ ನಿಂತಿತ್ತು. ನಿರ್ದೇಶಕ ಬಕ್ಕೇಶನಿಗೆ ಅವಳು ಒಂದೇ ಮಾತು ಹೇಳಿದ್ದಳು: "ನೋಡಪ್ಪ, ಭಾನುವಾರದ ಆಟ ಅವರಿಲ್ದೆ ನಡೆದ್ರೆ ಕಂಪನಿ ಇರ್ಲಿ. ಇಲ್ಲಾಂದ್ರೆ ಸೋಮವಾರ ಥಿಯೇಟರಿನ ತಗಡು ಬಿಚ್ಸು."

ಭಾನುವಾರ ಅವಳು ಮೊದಲು ಹರಿಹರೇಶ್ವರನ ಗುಡಿಗೆ ಹೋದಳು. "ಇಬ್ಬರು ಒಂದೇ ಮೈಯಾಗಿ ನಿಂತೀರಿ. ಇಬ್ಬರಿದ್ದೂ ಒಬ್ಬನ್ನ ಉಳಿಸೋಕಾಗ್ಲಿಲ್ಲ" ಎಂದು ದೇವರನ್ನು ಗದರಿಸಿ, ಆಮೇಲೆ ಅಡ್ಡಬಿದ್ದು ಬಂದಳು.

ಮಧ್ಯಾಹ್ನ ಮೂರರ ಆಟಕ್ಕೆ ಜನ ತುಂಬಿದ್ದರು. ಆಟ ಶುರುವಿನ ಮೂರನೇ ಗಂಟೆಯೂ ಮೊಳಗಿತು. ಪರದೆ ಏಳಲಿಲ್ಲ.

"ನೌಮಾನಣ್ಣ, ಎಳೀರಿ" ಎಂದ ಬಕ್ಕೇಶ, ಪರದೆ ಎಳೆಯುವವನಿಗೆ.

"ಹಗ್ಗ ಹಿಡ್ಕಂಡೇ ಕುಂತೀನಿ. ಕೆಮ್ಮು ಬರ್ಲಿ" ಎಂದ ನೌಮಾನ್.

ಮೂವತ್ತು ವರ್ಷದ ಪದ್ಧತಿ ಅದು. ಗಂಟೆ ಜನರಿಗೆ, ಕೆಮ್ಮು ಪರದೆಗೆ. ಮಾಲೀಕರು ಪರದೆಯ ಪಕ್ಕದಲ್ಲಿ ಬೀಡಿ ಹೊಸಕಿ ಎರಡು ಗಿಡ್ಡ ಕೆಮ್ಮು, ಒಂದು ಉದ್ದ ಕೆಮ್ಮು ಕೆಮ್ಮುತ್ತಿದ್ದರು. ವೇದಿಕೆಗೆ ಬೆನ್ನು ಹಾಕಿ ಕೂತ ನೌಮಾನ್ ಆಗ ಹಗ್ಗ ಎಳೆಯುತ್ತಿದ್ದ.

"ಹಟ ಅಲ್ಲಪ್ಪ ಇದು. ಕೈಗೆ ಹೇಳಿ ನೋಡ್ದೆ. ಅದು ಕೇಳ್ತಿಲ್ಲ."

ಬಕ್ಕೇಶ ತಾನೇ ಹಗ್ಗಕ್ಕೆ ಕೈ ಹಾಕಿದ. ಪರದೆ ಒಂದು ಮೊಳ ಎದ್ದು ಸಿಕ್ಕಿಕೊಂಡಿತು. ಸಿಂಹಾಸನದ ಕೆಳಗೆ ಮಹಾರಾಜನ ಹವಾಯಿ ಚಪ್ಪಲಿ ಕಂಡಿತು. ಜನ ಸಿಳ್ಳೆ ಹೊಡೆದರು.

ಬಕ್ಕೇಶ ಕೆಮ್ಮಿದ.

"ಇದು ನೆಗಡಿ" ಎಂದ ನೌಮಾನ್.

ನಾಯಕಿ ಸುಮಾ ಕೆಮ್ಮಿದಳು.

"ಇದು ನಾಚಿಕೆ."

ಮಹಾರಾಜನೂ ಮಂತ್ರಿಯೂ ಸರದಿಯಲ್ಲಿ ಕೆಮ್ಮಿದರು. ಹಿಂದಿನ ಬೆಂಚಿನಿಂದ ಯಾರೋ, "ಒಳಗೆ ನಾಟಕ ಐತೋ ದವಾಖಾನಿ ಐತೋ?" ಎಂದು ಕೇಳಿದ. ಕೆಲವರು ಎದ್ದು ಹೊರಟರು.

ಬಕ್ಕೇಶ ಹೆಗಲ ಮೇಲಿನ ಟವೆಲು ತೆಗೆದು ರಂಗದ ಹಿಂದೆ ಕೂತಿದ್ದ ಬಸವಣ್ಣೆಮ್ಮನ ಮುಂದೆ ನಿಂತ. "ಅಮ್ಮಾ, ನಾಳೆ ತಗಡು ಬಿಚ್ಸ್ತೀನಿ."

ಆ ಕೆಮ್ಮು ಅವಳಿಗೆ ಮಂತ್ರಕ್ಕಿಂತ ಚೆನ್ನಾಗಿ ಬಾಯಿಪಾಠವಾಗಿತ್ತು. ಬೆಳಿಗ್ಗೆ ಅವಳು ಲಿಂಗಪೂಜೆಗೆ ಕೂತಾಗಲೇ ಬಚ್ಚಲಿನಿಂದ ಅದು ಶುರುವಾಗುತ್ತಿತ್ತು. ಸಿಟ್ಟು ಬಂದಾಗ ಅವಳು ಅದನ್ನೇ ಅಣಕಿಸಿ ವಾಪಸು ಕೆಮ್ಮುತ್ತಿದ್ದಳು. ಕಡೆಯ ವಾರ ಆಸ್ಪತ್ರೆಯಲ್ಲಿ, ಅದು ನಿಂತರೆ ಗತಿಯೇನೆಂದು ಕಿವಿಗೊಟ್ಟು ಕೂತಿದ್ದಳು. ನಿಂತೇ ಹೋಯಿತು.

ಅವಳು ಸೆರಗು ಬಿಗಿದು ಪರದೆಯ ಪಕ್ಕಕ್ಕೆ ಹೋದಳು. ಬೀಡಿ ವಾಸನೆಗೆ ಹೇಸಿ ಎಂದೂ ಕಾಲಿಡದ ಜಾಗ ಅದು. ವಾಸನೆ ಬೊಂಬಿನಲ್ಲಿ ಇನ್ನೂ ಇತ್ತು. ಒಮ್ಮೆ ಮೂಗು ತುಂಬ ಎಳೆದುಕೊಂಡಳು.

ಎರಡು ಗಿಡ್ಡ. ಒಂದು ಉದ್ದ.

ಪರದೆ ಸರ್ರನೆ ಮೇಲೆ ಹೋಯಿತು. ಮಹಾರಾಜ ಚಪ್ಪಲಿ ಅಡಗಿಸುವ ಮೊದಲೇ ಚಪ್ಪಾಳೆ ಬಿತ್ತು.

"ಬೀಡಿ ಬಿಡ್ರಿ ಅಂತ ಎಷ್ಟು ಸಲ ಹೇಳ್ಲಿ ಧಣಿ" ಎಂದ ನೌಮಾನ್, ದಿನವೂ ಹೇಳುತ್ತಿದ್ದ ಹಾಗೆಯೇ. ಆಮೇಲೆ ತಿರುಗಿ ನೋಡಿ ನಾಲಿಗೆ ಕಚ್ಚಿಕೊಂಡ.

"ನಾನೂ ಹೇಳಿದ್ದೆ, ನೌಮಾನ್" ಎಂದಳು ಬಸವಣ್ಣೆಮ್ಮ. "ಕೇಳ್ಲಿಲ್ಲ."

ಬಕ್ಕೇಶ ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, "ಆರರ ಆಟಕ್ಕೂ ಇರ್ತೀರಲ್ಲಮ್ಮಾ?" ಎಂದ.

ಅವಳು ಕಣ್ಣೊರೆಸಿಕೊಂಡು ಮಾಲೀಕರ ಕುರ್ಚಿಯಲ್ಲಿ ಕೂತಳು. "ಒಂದು ಚಾ ತರ್ಸು. ಶುಂಠಿ ಹಾಕಿಸ್ಬ್ಯಾಡ, ಕೆಮ್ಮು ಹೋದೀತು."