ಸವಾರಿಯ ಪಾಲು

ಅಂಗಳದ ಅಂಚಿನ ಎ ಅಕ್ಷರದ ಹಲಗೆಯ ಮೇಲೆ ಯಾರೋ ಅರ್ಧ ಕುಡಿದಿಟ್ಟ ಕಾಫಿ ಲೋಟ, ಅದರ ಬಿಳಿ ಮುಚ್ಚಳ ಕಂಡು ಕುದುರೆ ಫ್ಲೀಡರ್ ಕಿವಿ ನಿಮಿರಿಸಿತು, ಹೆದರಬೇಡ ಕಂದಾ, ಹೆದರುವುದಿದ್ದರೆ ಇವತ್ತು ನಿನ್ನ ಬೆನ್ನ ಮೇಲೆ ಕೂತವಳಿಗೆ ಹೆದರು — ಗಂಟೆ ಬಾರಿಸಿ ಆಗಿತ್ತು, ಗೆಸಾ ಮರಳಿನ ಅಂಗಳದೊಳಗೆ ಹೋಗಲೇಬೇಕಿತ್ತು, ಬೇಲಿಯ ಪಕ್ಕ ಹಾಳೆ ಹಿಡಿದು ನಿಂತಿದ್ದ ಅವಳ ಗಂಡ ಹೆನ್ನಿಂಗ್ ಗಂಟಲು ಸರಿಮಾಡಿಕೊಂಡು, ಏನೂ ಆಗೇ ಇಲ್ಲವೆಂಬಂತೆ, ಯಾವ ಅಕ್ಷರದ ಬಳಿ ಏನು ಮಾಡಬೇಕೆಂಬ ಸವಾರಿಯ ಕ್ರಮವನ್ನು ಗಟ್ಟಿಯಾಗಿ ಓದತೊಡಗಿದ, ಎ-ಯಲ್ಲಿ ಒಳಗೆ, ಎಕ್ಸ್‌ನಲ್ಲಿ ನಿಲುಗಡೆ, ವಂದನೆ. ಎಷ್ಟು ನೆಟ್ಟಗೆ ಓದುತ್ತಾನೆ ನೋಡು. ಪ್ರತಿ ಸ್ಪರ್ಧೆಯಲ್ಲೂ ಅವನೇ ಓದುವುದು, ಕುದುರೆಯ ಯಾವ ತುದಿಗೆ ಹುಲ್ಲು ಹಾಕಬೇಕೆಂದು ತಿಳಿಯದವನು ಒಂದು ಅಕ್ಷರ ತಪ್ಪಿದ್ದಿಲ್ಲ, ಅದಕ್ಕೇ ಅವನನ್ನು ಕಂಡರೆ ಅವಳಿಗೆ ಅಕ್ಕರೆ, ಅಂದರೆ ಅರ್ಧ ಗಂಟೆಯ ಹಿಂದಿನವರೆಗೆ. ಅವಳು ಜೀನಿನ ಪಟ್ಟಿ ಬಿಗಿಯುತ್ತಿದ್ದಾಗ, ಬರುವ ದಾರಿಯಲ್ಲಿ ಬ್ರೆಡ್ ತಂದೆ ಅನ್ನುವ ಧಾಟಿಯಲ್ಲಿ, ಹಾಂ ಗೆಸಾ, ಮೆರ್ಲೆಗೆ ಹೇಳಿದೀನಿ, ಮಂಗಳವಾರ, ಗುರುವಾರ, ಭಾನುವಾರ ಇನ್ಮೇಲೆ ಫ್ಲೀಡರ್ ಸವಾರಿ ಅವಳೇ ಮಾಡ್ತಾಳೆ, ನೀನೂ ಸ್ವಲ್ಪ ಉಸಿರಾಡ್ಕೋಬಹುದು, ಅಂದಿದ್ದ. ಮೆರ್ಲೆ, ಅವನ ಕಚೇರಿಯ ಗೆಳೆಯನ ಮಗಳು, ಪಶುವೈದ್ಯಕೀಯ ಓದುವ ಉದ್ದ ಕಾಲಿನ ಹುಡುಗಿ. ಸವಾರಿಯ ಪಾಲು ಅನ್ನುತ್ತಾರೆ ಇದಕ್ಕೆ, ಕುದುರೆ ಒಬ್ಬರದು, ವಾರದಲ್ಲಿ ಕೆಲವು ದಿನ ಸವಾರಿ ಇನ್ನೊಬ್ಬರದು, ವೆರ್ಡನ್ ಊರಿನ ಸುತ್ತಮುತ್ತ ಅರ್ಧದಷ್ಟು ಲಾಯಗಳು ನಡೆಯುವುದೇ ಹೀಗೆ. ಪಾಲಂತೆ, ಪಾಲು. ಹಾಗಾದರೆ ಇವನನ್ನೂ ವಾರಕ್ಕೆ ಮೂರು ದಿನ ಯಾರಿಗಾದರೂ ಪಾಲಿಗೆ ಬಿಟ್ಟರಾಯಿತು, ಗೊರಕೆ ಸಮೇತ, ಅವಳೂ ಆಗ ಚೆನ್ನಾಗಿ ಉಸಿರಾಡಿಕೊಳ್ಳುತ್ತಾಳೆ.

ಸಿ-ಯಲ್ಲಿ ಬಲಕ್ಕೆ, ಅವನು ಓದಿದ, ಅವಳು ತಿರುಗಿದಳು, ಕೋಪಕ್ಕೆ ತೊಡೆ ಬಿಗಿಯುತ್ತಿತ್ತು, ಬಿಗಿಯಬಾರದು, ಬಿಗಿದರೆ ಕುದುರೆಗೆ ತಕ್ಷಣ ಗೊತ್ತಾಗುತ್ತದೆ, ಡ್ರೆಸಾಜ್, ಈ ಅಂಗಳದ ಸವಾರಿ, ಅಂದರೆ ಏನೂ ಮಾಡುತ್ತಿಲ್ಲವೆಂಬಂತೆ ಕೂತು ಎಲ್ಲವನ್ನೂ ಮಾಡುವುದು, ಮನೆಯಲ್ಲೂ ಅವಳು ಮಾಡುವುದು ಅದನ್ನೇ ತಾನೆ, ಊರು ಏಳುವ ಮೊದಲು ಲಾಯ, ಆಮೇಲೆ ಕೂದಲಲ್ಲಿ ಹುಲ್ಲುಕಡ್ಡಿ ಸಿಕ್ಕಿಸಿಕೊಂಡೇ ಹಾಲಿನ ಕಾರ್ಖಾನೆಯ ಪ್ರಯೋಗಾಲಯ, ಸಂಜೆ ಮಗಳು ಯೂಲೆಯನ್ನು ಹ್ಯಾಂಡ್‌ಬಾಲ್‌ಗೆ ಬಿಟ್ಟು, ಕರೆತಂದು, ಅನ್ನಿಸಿದರೆ ಊಟ. ಹೆನ್ನಿಂಗ್ ಬಿಗಿ ಚಡ್ಡಿ ತೊಟ್ಟು ಶನಿವಾರವಿಡೀ ಸೈಕಲ್ ತುಳಿದರೆ ಅದು ಆರೋಗ್ಯ, ಅವಳು ಕುದುರೆ ಹತ್ತಿದರೆ ಅದು ಶೋಕಿ. ನಿನ್ನ ವಯಸ್ಸಿಗೆ ಹೂತೋಟ ಗೀಟ ಮಾಡ್ಕೋತಾರಮ್ಮ, ಅತ್ತೆ ಕೇಕು ಕತ್ತರಿಸುತ್ತ ಅಂದಿದ್ದಳು, ಹೆನ್ನಿಂಗ್ ಆಗ ಬಾಯಿಗೆ ಕೇಕು ತುಂಬಿಕೊಂಡು ಕೂತಿದ್ದ, ಮಾತಾಡುವ ಹೊತ್ತಿಗೆಲ್ಲ ಅವನ ಬಾಯಲ್ಲಿ ಏನಾದರೂ ಇರುತ್ತದೆ. ಎಂ-ನಿಂದ ಕರ್ಣವಾಗಿ ದಾಟು, ಹೆಜ್ಜೆ ಉದ್ದ ಮಾಡು. ಮಾಡುತ್ತೇನಪ್ಪಾ, ಮಾಡುತ್ತಿದ್ದೇನೆ. ಪ್ರಯೋಗಾಲಯದಲ್ಲಿ ಅವಳು ಡಾಕ್ಟರ್ ಲೂಡರ್ಸ್, ಎಲ್ಲರಿಗೂ ನೀವು, ತಾವು, ಲಾಯದಲ್ಲಿ ಮಾತ್ರ ಹದಿನಾರರವಳಿಗೂ ಎಪ್ಪತ್ತರವಳಿಗೂ ಒಂದೇ ಏಕವಚನ, ಆ ಏಕವಚನದ ಆಸೆಗೇ ಚಳಿಯಲ್ಲಿ ಎದ್ದು ಬರುತ್ತಿದ್ದಳು, ಅಲ್ಲಿ ಯಾರ ತಾಯಿಯೂ ಅಲ್ಲ, ಯಾರ ಸೊಸೆಯೂ ಅಲ್ಲ, ಬರೀ ಗೆಸಾ. ಇವತ್ತು ಮೆರ್ಲೆ ಬೇಲಿಯ ಆಚೆಯಿಂದ, ನೀನು ಚೆನ್ನಾಗಿ ಮಾಡ್ತೀಯ ಬಿಡು ಗೆಸಾ, ಅಂದಾಗ ಅದೇ ಏಕವಚನಕ್ಕೆ ಮೈ ಉರಿದುಹೋಯಿತು. ಅದರಲ್ಲೂ ಭಾನುವಾರ. ಉಳಿದ ದಿನಗಳಲ್ಲಿ ಗಡಿಬಿಡಿ, ಭಾನುವಾರ ಒಂದೇ ಪುರುಸೊತ್ತಿನ ದಿನ, ಅದನ್ನೂ ಕೇಳದೆ ಕೊಟ್ಟುಬಿಟ್ಟ, ತನ್ನ ಹಳೇ ಕೋಟು ಕೊಟ್ಟ ಹಾಗೆ. ಸ್ಪರ್ಧೆ ಮುಗಿಯಲಿ, ಇಲ್ಲೇ, ಎಲ್ಲರೆದುರಿಗೇ ಹೇಳುತ್ತೇನೆ, ಪಾಲೂ ಇಲ್ಲ ಗೀಲೂ ಇಲ್ಲ, ಈ ಕುದುರೆ ಪೂರ್ತಿ ನನ್ನದು.

ಇ-ಯಲ್ಲಿ ಎಡಕ್ಕೆ ವೃತ್ತ. ಬಂತು, ಎಡ. ಬಾಗಿಸಲು ಹೋದರೆ ಫ್ಲೀಡರಿನ ಬಲಗಡೆ ಬೆಣ್ಣೆ, ಎಡಗಡೆ ಮರದ ದಿಮ್ಮಿ, ಆರು ವರ್ಷದಿಂದ ದಿಮ್ಮಿ. ಕಲಿಸುವ ಬೋಡೋ ಸಿಗರೇಟು ಕಚ್ಚಿಕೊಂಡೇ ಕೂಗುತ್ತಿದ್ದ, ಎಳೀಬೇಡ ಗೆಸಾ, ಕೇಳು, ತಿರುವಿನಲ್ಲಿ ಕುದುರೆಯ ಒಳಬದಿಯ ಕಣ್ಣಿನ ಅಂಚು ಮಿನುಗಿದ್ರೆ ಸಾಕು, ರೆಪ್ಪೆ ಪೂರ್ತಿ ಕಂಡ್ರೆ ಜಾಸ್ತಿ ಆಯ್ತು, ಏನೂ ಕಾಣ್ಲಿಲ್ವಾ, ಆಗ ನೀನು ಕುದುರೆ ಮೇಲಲ್ಲ, ಟ್ರ್ಯಾಕ್ಟರ್ ಮೇಲಿದೀಯ. ಬಲಗಣ್ಣಿನ ಅಂಚು ಮೊದಲ ವರ್ಷವೇ ಕಂಡಿತ್ತು. ಎಡಗಣ್ಣು ಇಲ್ಲ. ಕೆಂಪು ದೀಪದಲ್ಲಿ ಕಾರು ನಿಂತಾಗ ಅದೇ ಯೋಚನೆ, ಸೂಕ್ಷ್ಮದರ್ಶಕದೊಳಗೆ ಬಗ್ಗಿದಾಗ ಅದೇ, ಹೆನ್ನಿಂಗ್ ಹಾಸಿಗೆಯಲ್ಲಿ ಏನೋ ಹೇಳುತ್ತಿರುವಾಗಲೂ ಅದೇ, ಎಡಗಣ್ಣಿನ ಅಂಚು. ಈಗಲೂ ಬರುವುದಿಲ್ಲವೆಂದು ಗೊತ್ತಿದ್ದೂ ಲಗಾಮಿನ ಮೇಲೆ ಕಿರುಬೆರಳಷ್ಟೇ ಮುಚ್ಚಿ ಕೇಳಿದಳು — ಕುತ್ತಿಗೆ ಕರಗಿತು. ಎಳೆಯಲಿಲ್ಲ, ಆಣೆಗೂ ಎಳೆಯಲಿಲ್ಲ, ಕುತ್ತಿಗೆ ತಾನಾಗಿ ಬಾಗಿತು, ಕೇಸರದ ಪಕ್ಕದಲ್ಲಿ, ಒದ್ದೆಯಾಗಿ, ಕಪ್ಪಗೆ, ಎಡಗಣ್ಣಿನ ಅಂಚು. ನೋಡು ಹೆನ್ನಿಂಗ್, ಹಾಳೆಯಿಂದ ತಲೆಯೆತ್ತಿ ನೋಡು, ಅತ್ತೆಯನ್ನೂ ಕರೆದುಕೊಂಡು ಬಾ, ಇದು ಶೋಕಿಯಲ್ಲ, ಇದು ನಾನು ಮಾಡಿದ್ದು, ನಾನು.

ಆಮೇಲೆ ಕಾಲಡಿಯ ರಿಕಾಪು ನೆನಪಾಯಿತು. ಬೆಳಿಗ್ಗೆ ಹತ್ತುವಾಗ ರಿಕಾಪುಗಳು ಪಟ್ಟಿಯ ಎರಡು ತೂತು ಕೆಳಗೆ ಜೋತಾಡುತ್ತಿದ್ದವು, ಯಾರೋ ಜೀನು ಒರೆಸುವಾಗ ಸಡಿಲಿಸಿರಬೇಕೆಂದು ಲಾಯದವರನ್ನು ಬೈದುಕೊಂಡೇ ಮೇಲಕ್ಕೆ ಬಿಗಿದಿದ್ದಳು. ಎರಡು ತೂತು. ಉದ್ದ ಕಾಲು. ಕಾರ್ಖಾನೆಯಲ್ಲಿ ಪರಿಶೀಲನೆಯೆಂದು ಕಳೆದ ಮೂರು ವಾರ ಅವಳು ಲಾಯದ ಕಡೆ ತಲೆ ಹಾಕಿರಲಿಲ್ಲ, ನೀನು ತಲೆ ಕೆಡಿಸ್ಕೋಬೇಡ, ಲಾಯದವರು ದಿನಾ ಹೊರಗೆ ನಡೆಸ್ತಾರೆ, ಅಂದಿದ್ದ ಹೆನ್ನಿಂಗ್. ಇನ್ಮೇಲೆ ಅಂದಿದ್ದ ಇವತ್ತು. ಎಂಥ ಇನ್ಮೇಲೆ? ಆಗಿಹೋಗಿದೆ, ಮೂರು ವಾರದಿಂದ ನಡೆಯುತ್ತಿದೆ, ಸುಳ್ಳ, ಹಲ್ಕಾ, ಹಾಳೆ ಹಿಡಿದುಕೊಂಡು ಎಷ್ಟು ನೆಟ್ಟಗೆ ಓದುತ್ತೀಯ — ಅವಳಿಗೆ ಆರು ವರ್ಷದಲ್ಲಿ ಬಾರದ್ದು ಆ ಹುಡುಗಿಗೆ ಮೂರೇ ವಾರದಲ್ಲಿ, ಬಾಗಿಲ ತಿರುಗಣೆಗೆ ಯಾರೋ ಎಣ್ಣೆ ಬಿಟ್ಟು ಹೋದ ಹಾಗೆ. ಎಕ್ಸ್‌ನಲ್ಲಿ ನಿಲುಗಡೆ, ವಂದನೆ. ನಿಂತಳು, ಕೈ ಇಳಿಬಿಟ್ಟು ತಲೆ ಬಾಗಿದಳು. ಧ್ವನಿವರ್ಧಕ ಕೆಮ್ಮಿತು, ಹತ್ತಕ್ಕೆ ಏಳೂವರೆ ಅಂಕ, ಎಂದೂ ಬಾರದ ಅಂಕ, ಎಡಗಡೆಯ ಬಾಗು ವಿಶೇಷವಾಗಿ ಮೆಚ್ಚುವಂಥದ್ದು, ಸವಾರಳ ವರ್ಷಗಳ ತಾಳ್ಮೆ ಫಲಿಸಿದೆ. ತಾಳ್ಮೆಯಂತೆ. ಜನ ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಜೋರಾಗಿ ಮೆರ್ಲೆ, ಬೇಲಿಯ ಮೇಲೆ ಬಗ್ಗಿ, ಒಂದಿಷ್ಟೂ ಕಪಟವಿಲ್ಲದ ಮುಖದಲ್ಲಿ, ನೋಡಿದ್ಯಾ ಗೆಸಾ, ಎಡಗಡೆ ಬಿಟ್ಕೊಡ್ತು, ನಾನು ಹೆನ್ನಿಂಗ್‌ಗೆ ಆವತ್ತೇ ಹೇಳಿದ್ದೆ. ಹೆನ್ನಿಂಗ್ ಓದುವುದಕ್ಕೆ ಏನೂ ಉಳಿದಿರದ ಹಾಳೆಯನ್ನೇ ನೋಡುತ್ತಿದ್ದ. ಹೇಳಬೇಕೆಂದಿದ್ದ ಮಾತೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು, ಈ ಕುದುರೆ ಪೂರ್ತಿ ನನ್ನದು, ಹೇಗೆ ಹೇಳುವುದು ಅದನ್ನು ಈಗ, ಯಾವ ಬಾಯಿಂದ — ಹೊರಗೆ ಹೋಗುವ ದಾರಿ ಎಡಕ್ಕಿತ್ತು, ಲಗಾಮು ಹಿಡಿದ ಕಿರುಬೆರಳನ್ನು ಮೆಲ್ಲಗೆ ಮುಚ್ಚಿದಳು, ಬೇಡ ಕಂದಾ, ಬಿಟ್ಟುಕೊಡಬೇಡ, ನನ್ನಾಣೆ, ಒಂದೇ ಒಂದು ಸಲ ದಿಮ್ಮಿಯಾಗು, ನನಗೋಸ್ಕರ ಗಟ್ಟಿಯಾಗು, ಕುತ್ತಿಗೆ ಬಾಗಿತು, ಕೇಸರದ ಪಕ್ಕದಲ್ಲಿ, ಒದ್ದೆಯಾಗಿ, ಕಪ್ಪಗೆ, ಎಡಗಣ್ಣಿನ ಅಂಚು, ಎಡಗಣ್ಣಿನ ಅಂಚು,